ಬಿಚ್ಚಿದ ಕಂಟ್ರೋಲ್ ವಾಲ್ವನ್ನು ಮತ್ತೆ ಜೋಡಿಸುವ ಕೆಲಸ

ಸಕ್ಕರೆ ಕಾರ್ಖಾನೆ, ಶಾಖೋತ್ಪನ್ನ ವಿದ್ಯುತ್ ಕೇಂದ್ರ, ತೈಲ ಶುದ್ಧೀಕರಣಾಗಾರ, ಗೊಬ್ಬರದ ಕಾರ್ಖಾನೆ ಇವು ತಯಾರಿಸುವ ವಸ್ತು ಬೇರೆ ಬೇರೆಯಾದರೂ ಇವೆಲ್ಲವುಗಳ ಒಳಗೆ ಹಗಲಿರುಳು ನಡೆಯುವ ಕೆಲಸವೊಂದಿದೆ; ಅದು ನೀರು, ಹಬೆ, ಎಣ್ಣೆ, ಅನಿಲಗಳನ್ನು ಕೊಳವೆಗಳ ಮೂಲಕ ಬೇಕಾದಷ್ಟೇ ಪ್ರಮಾಣದಲ್ಲಿ, ಬೇಕಾದಷ್ಟೇ ಒತ್ತಡದಲ್ಲಿ ಹರಿಸುವ ಕೆಲಸ. ಈ ಹರಿವನ್ನು ಕ್ಷಣಕ್ಷಣವೂ ಹೆಚ್ಚುಕಡಿಮೆ ಮಾಡುತ್ತ ಅಂಕೆಯಲ್ಲಿಡುವ ಸಾಧನವೇ ಕಂಟ್ರೋಲ್ ವಾಲ್ವ್. ಮನೆಯ ನಲ್ಲಿಯೂ ಹರಿವನ್ನು ಅಂಕೆಯಲ್ಲಿಡುವ ಸಾಧನವೇ ಹೌದು. ಆದರೆ ಅದನ್ನು ತಿರುಗಿಸುವ ಕೈಯೂ ನೀರು ಎಷ್ಟು ಬರುತ್ತಿದೆ ಎಂದು ನೋಡುವ ಕಣ್ಣೂ ಮನುಷ್ಯನವು, ಕಂಟ್ರೋಲ್ ವಾಲ್ವಿನಲ್ಲಿ ಕಣ್ಣಿನ ಕೆಲಸವನ್ನು ಮಾಪಕಗಳೂ ಕೈಯ ಕೆಲಸವನ್ನು ಗಾಳಿಯ ಒತ್ತಡವೂ ವಹಿಸಿಕೊಂಡಿರುತ್ತವೆ.

ಬಾಯ್ಲರಿಗೆ ನೀರೂಡಿಸುವ ವಾಲ್ವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಬಾಯ್ಲರಿನ ಡ್ರಮ್ಮಿನಲ್ಲಿ ನೀರಿನ ಮಟ್ಟ ಇಳಿದರೆ ಒಲೆಯ ಶಾಖಕ್ಕೆ ಒಡ್ಡಿಕೊಂಡ ಕೊಳವೆಗಳು ಸುಟ್ಟುಹೋಗುತ್ತವೆ. ಮಟ್ಟ ಮಿತಿಮೀರಿ ಏರಿದರೆ ನೀರಿನ ಹನಿಗಳು ಹಬೆಯ ಜೊತೆಗೆ ಟರ್ಬೈನಿಗೆ ನುಗ್ಗಿ ಅದರ ಅಲಗುಗಳನ್ನು ಕೆಡಿಸುತ್ತವೆ. ಆದುದರಿಂದ ಮಟ್ಟವನ್ನು ಅಳೆಯುವ ಉಪಕರಣವು ತನ್ನ ಅಳತೆಯನ್ನು ನಿಯಂತ್ರಕಕ್ಕೆ ಕಳಿಸುತ್ತಿರುತ್ತದೆ, ನಿಯಂತ್ರಕವು ಅದನ್ನು ಇರಬೇಕಾದ ಮಟ್ಟದೊಡನೆ ಹೋಲಿಸಿ 4ರಿಂದ 20 ಮಿಲಿಆಂಪಿಯರ್‌ವರೆಗಿನ ವಿದ್ಯುತ್ ಸಂಕೇತವನ್ನು ವಾಲ್ವಿಗೆ ಹೊರಡಿಸುತ್ತದೆ. ವಾಲ್ವ್ ಅಷ್ಟಕ್ಕೆ ತಕ್ಕಷ್ಟು ತೆರೆದುಕೊಳ್ಳುತ್ತದೆ. ಈ ಸರಪಳಿಯಲ್ಲಿ ಮಾಪಕ, ತಂತಿ, ಕಂಪ್ಯೂಟರು ಎಲ್ಲವೂ ಸರಿಯಾಗಿದ್ದರೂ ಕೊನೆಯ ಕೊಂಡಿಯಾದ ವಾಲ್ವ್ ಸರಿಯಾಗಿ ಚಲಿಸದಿದ್ದರೆ ಉಳಿದುದೆಲ್ಲ ನಿಷ್ಫಲವಾಗುತ್ತದೆ. ಸರಪಳಿಯಲ್ಲಿ ನೀರಿಗೂ ಹಬೆಗೂ ನೇರವಾಗಿ ಮೈಯೊಡ್ಡಿ ಸವೆಯುವ ಚಲಿಸುವ ಭಾಗವಿರುವುದು ಇಲ್ಲಿಯೇ.

ಹರಿವನ್ನು ತಾನಾಗಿಯೇ ಹೊಂದಿಸುವ ಪ್ರಯತ್ನ ಹಳೆಯದು. ಜೇಮ್ಸ್ ವಾಟ್ 1788ರಲ್ಲಿ ತನ್ನ ಹಬೆಯಂತ್ರಕ್ಕೆ ತಿರುಗುವ ಗುಂಡುಗಳ ಗವರ್ನರನ್ನು ಅಳವಡಿಸಿ ಯಂತ್ರದ ವೇಗಕ್ಕೆ ತಕ್ಕಂತೆ ಹಬೆಯ ಬಾಗಿಲು ತಾನೇ ತೆರೆದು ಮುಚ್ಚುವಂತೆ ಮಾಡಿದನು. ಅಮೆರಿಕದ ಅಯೊವಾ ರಾಜ್ಯದ ಮಾರ್ಷಲ್‌ಟೌನ್ ಎಂಬ ಊರಿನಲ್ಲಿ ವಿಲಿಯಂ ಫಿಶರ್ 1880ರಲ್ಲಿ ಹಬೆಯಿಂದ ನಡೆಯುವ ಪಂಪಿನ ಒತ್ತಡವನ್ನು ಒಂದೇ ಸಮನಾಗಿ ಕಾಯ್ದುಕೊಳ್ಳುವ ಗವರ್ನರನ್ನು ರೂಪಿಸಿದನು. ಇಂದಿಗೂ ಅವನ ಹೆಸರನ್ನೇ ಹೊತ್ತ ಕಂಟ್ರೋಲ್ ವಾಲ್ವುಗಳು ಜಗತ್ತಿನ ಕಾರ್ಖಾನೆಗಳಲ್ಲಿ ಬಳಕೆಯಲ್ಲಿವೆ.

ವಾಲ್ವುಗಳಲ್ಲಿ ಹಲವು ಬಗೆಗಳಿದ್ದರೂ ನಿಯಂತ್ರಣಕ್ಕೆ ಬಹಳವಾಗಿ ಬಳಕೆಯಾಗುವುದು ಗ್ಲೋಬ್ ಮಾದರಿ. ಎರಕದ ದಪ್ಪ ಕವಚದ ಒಳಗೆ ಸೀಟ್ ರಿಂಗ್ ಎಂಬ ಉಂಗುರವೊಂದು ಕುಳಿತಿರುತ್ತದೆ. ಅದರ ರಂಧ್ರವನ್ನು ಮೇಲಿನಿಂದ ಬಂದು ಮುಚ್ಚುವ ಲೋಹದ ಬಿರಡೆಗೆ ಪ್ಲಗ್ ಎಂದೂ, ಪ್ಲಗ್ಗನ್ನು ಮೇಲಕ್ಕೂ ಕೆಳಕ್ಕೂ ಒಯ್ಯುವ ನಯವಾದ ದಂಡಕ್ಕೆ ಸ್ಟೆಮ್ ಎಂದೂ ಹೆಸರು. ಪ್ಲಗ್ಗಿನ ಸುತ್ತ ಕಿಂಡಿಗಳುಳ್ಳ ಲೋಹದ ಕೊಳವೆಯೊಂದಿರುವುದುಂಟು. ಕೇಜ್ ಎನಿಸಿಕೊಳ್ಳುವ ಈ ಕೊಳವೆ ಪ್ಲಗ್ ಅಲುಗಾಡದಂತೆ ದಾರಿ ತೋರಿಸುವುದಲ್ಲದೆ, ವಾಲ್ವ್ ಎಷ್ಟು ತೆರೆದಾಗ ಎಷ್ಟು ಹರಿಯಬೇಕೆಂಬುದನ್ನು ತನ್ನ ಕಿಂಡಿಗಳ ಆಕಾರದಿಂದಲೇ ನಿರ್ಧರಿಸುತ್ತದೆ. ಇವೆಲ್ಲವನ್ನೂ ಮೇಲಿನಿಂದ ಮುಚ್ಚುವ ಮುಚ್ಚಳ ಬಾನೆಟ್. ಸ್ಟೆಮ್ ಬಾನೆಟ್ಟಿನ ನಡುವಿನ ರಂಧ್ರದಿಂದ ಹೊರಬರಬೇಕಾದುದರಿಂದ ಆ ಸಂದಿಯಲ್ಲಿ ಒಳಗಿನ ದ್ರವ ಸೋರದಂತೆ ತಡೆಯಲು ಉಂಗುರದಾಕಾರದ ಪ್ಯಾಕಿಂಗನ್ನು ತುಂಬಿ, ಗ್ಲ್ಯಾಂಡ್ ಎಂಬ ಒತ್ತುಪಟ್ಟಿಯಿಂದ ಬಿಗಿದಿರುತ್ತಾರೆ.

ಸ್ಟೆಮ್ಮನ್ನು ಚಲಿಸುವಂತೆ ಮಾಡುವ ಭಾಗಕ್ಕೆ ಆ್ಯಕ್ಚುಯೇಟರ್ ಎನ್ನುತ್ತಾರೆ. ಬಟ್ಟಲಿನಂಥ ಎರಡು ಕವಚಗಳ ನಡುವೆ ರಬ್ಬರಿನ ಡಯಾಫ್ರಮ್ ಬಿಗಿದುಕೊಂಡಿರುತ್ತದೆ. ಅದರ ಒಂದು ಬದಿಯಲ್ಲಿ ಸಂಪೀಡಿತ ಗಾಳಿ, ಇನ್ನೊಂದು ಬದಿಯಲ್ಲಿ ಬಲವಾದ ಸ್ಪ್ರಿಂಗ್. ಸಾಮಾನ್ಯವಾಗಿ 0.2ರಿಂದ 1 ಬಾರ್‌ವರೆಗಿನ ಅಲ್ಪ ಒತ್ತಡದ ಗಾಳಿಯೇ ಇಲ್ಲಿ ಸಾಕಾಗುತ್ತದೆ, ಏಕೆಂದರೆ 600 ಚದರ ಸೆಂಟಿಮೀಟರ್ ಹರವುಳ್ಳ ಡಯಾಫ್ರಮ್ಮಿನ ಮೇಲೆ 1 ಬಾರ್ ಒತ್ತಡವು 600 ಕಿಲೋಗ್ರಾಮಿಗೂ ಹೆಚ್ಚಿನ ಭಾರಕ್ಕೆ ಸಮನಾದ ಬಲವನ್ನುಂಟುಮಾಡುತ್ತದೆ. ಗಾಳಿ ನಿಂತುಹೋದಾಗ ಸ್ಪ್ರಿಂಗ್ ವಾಲ್ವನ್ನು ಯಾವ ಕಡೆಗೆ ತಳ್ಳಬೇಕೆಂಬುದನ್ನು ಸ್ಥಾವರದ ಸುರಕ್ಷತೆಯೇ ತೀರ್ಮಾನಿಸುತ್ತದೆ: ಇಂಧನದ ವಾಲ್ವ್ ಮುಚ್ಚಿಕೊಳ್ಳಬೇಕು, ತಂಪು ಮಾಡುವ ನೀರಿನ ವಾಲ್ವ್ ತೆರೆದುಕೊಳ್ಳಬೇಕು. ಆ್ಯಕ್ಚುಯೇಟರಿನ ಪಕ್ಕದಲ್ಲಿರುವ ಪೊಸಿಷನರ್ ಎಂಬ ಸಣ್ಣ ಪೆಟ್ಟಿಗೆಯು ಬಂದ ಸಂಕೇತವನ್ನೂ ಸ್ಟೆಮ್ ನಿಜವಾಗಿ ನಿಂತಿರುವ ಸ್ಥಾನವನ್ನೂ ಹೋಲಿಸಿ ಎರಡೂ ಹೊಂದುವವರೆಗೆ ಗಾಳಿಯನ್ನು ಹೆಚ್ಚಿಸುತ್ತದೆ ಅಥವಾ ತಗ್ಗಿಸುತ್ತದೆ.

ಇಂಥ ವಾಲ್ವ್ ಕೆಡುವ ಬಗೆಗಳನ್ನು ಅರಿಯದೆ ಅದರ ದುರಸ್ತಿಯನ್ನು ಅರಿಯಲಾಗದು. ದ್ರವವು ಪ್ಲಗ್ ಮತ್ತು ಸೀಟಿನ ನಡುವಿನ ಕಿರಿದಾದ ಸಂದಿಯಲ್ಲಿ ನುಗ್ಗುವಾಗ ಅದರ ವೇಗ ಏರಿ ಒತ್ತಡ ಕುಸಿಯುತ್ತದೆ. 30 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ನೀರು ಕೂಡ ಒತ್ತಡವು ವಾತಾವರಣದ ಒತ್ತಡದ ಸುಮಾರು ಇಪ್ಪತ್ತೈದನೇ ಒಂದು ಭಾಗಕ್ಕೆ ಇಳಿದರೆ ಕುದಿಯತೊಡಗುತ್ತದೆ. ಹೀಗೆ ಹುಟ್ಟಿದ ಹಬೆಗುಳ್ಳೆಗಳು ಮುಂದೆ ಒತ್ತಡ ಮತ್ತೆ ಏರಿದೊಡನೆ ಥಟ್ಟನೆ ಕುಸಿದು ಕುಗ್ಗುತ್ತವೆ, ಆ ಕುಗ್ಗುವಿಕೆಯ ಹೊಡೆತಕ್ಕೆ ಗಟ್ಟಿ ಉಕ್ಕಿನ ಮೈಯಿಂದಲೂ ಕಣಗಳು ಕಿತ್ತುಬರುತ್ತವೆ. ಕ್ಯಾವಿಟೇಷನ್ ಎಂಬ ಈ ವಿದ್ಯಮಾನಕ್ಕೆ ತುತ್ತಾದ ಪ್ಲಗ್ಗಿನ ಮೈ ಸುಟ್ಟ ಕಿಟ್ಟದ ಹಾಗೆ ಒರಟಾಗಿ, ಕುಳಿಕುಳಿಯಾಗಿ ಕಾಣುತ್ತದೆ. ಒತ್ತಡ ಮತ್ತೆ ಏರದೆ ದ್ರವವು ಹಬೆಯಾಗಿಯೇ ಮುಂದೆ ಸಾಗಿದರೆ ಅದು ಫ್ಲ್ಯಾಶಿಂಗ್; ಆಗ ಸವೆದ ಮೈ ಒರಟಾಗಿರದೆ ಹೊಳಪು ಕೊಟ್ಟಂತೆ ನುಣುಪಾಗಿರುತ್ತದೆ. ಪೂರ್ತಿ ಮುಚ್ಚದ ವಾಲ್ವಿನ ಸೀಟಿನ ಮೇಲೆ ಅಧಿಕ ಒತ್ತಡದ ಹಬೆ ಸೂಕ್ಷ್ಮವಾಗಿ ನುಸುಳಿದರೆ ಅದು ದಿನೇ ದಿನೇ ಸಣ್ಣ ಕಾಲುವೆಗಳನ್ನು ಕೊರೆಯುತ್ತದೆ. ಬಿಚ್ಚಿದ ವಾಲ್ವಿನ ಭಾಗಗಳನ್ನು ಒರೆಸಿ ತೊಳೆಯುವ ಮೊದಲೇ ಈ ಗುರುತುಗಳನ್ನು ಬೆಳಕಿನಲ್ಲಿ ಹಿಡಿದು ನೋಡಿ ಬರೆದಿಟ್ಟುಕೊಳ್ಳುವುದು ಒಳ್ಳೆಯ ಕೆಲಸಗಾರರ ಕ್ರಮ. ಕಾರಣ ತಿಳಿಯದೆ ಹೊಸ ಪ್ಲಗ್ ಹಾಕಿದರೆ ಹೊಸದೂ ಅದೇ ರೀತಿಯಲ್ಲಿ ಸವೆಯುತ್ತದೆ.

ವಾಲ್ವನ್ನು ಕಳಚುವುದಕ್ಕೆ ಮುನ್ನ ಅದರ ಎರಡೂ ಬದಿಯ ವಾಲ್ವುಗಳನ್ನು ಮುಚ್ಚಿ, ಬೀಗ ಹಾಕಿ, ನಡುವೆ ಸಿಕ್ಕಿಕೊಂಡ ಒತ್ತಡವನ್ನು ಹೊರಬಿಡಬೇಕು. ಆ್ಯಕ್ಚುಯೇಟರಿನ ಗಾಳಿಯನ್ನು ತೆಗೆದ ಮೇಲೂ ಅದರೊಳಗಿನ ಸ್ಪ್ರಿಂಗ್ ಅದುಮಿಕೊಂಡೇ ಇರುತ್ತದೆ; ಕವಚದ ಬೋಲ್ಟುಗಳನ್ನು ಒಮ್ಮೆಗೇ ಕಳಚಿದರೆ ಮೇಲಿನ ಬಟ್ಟಲು ಸಿಡಿದು ಪ್ರಾಣಕ್ಕೆ ಅಪಾಯವಾಗಬಹುದಾದುದರಿಂದ, ಸ್ಪ್ರಿಂಗಿನ ಬಿಗಿತವನ್ನು ಮೊದಲು ಸಡಿಲಿಸಿ, ಆ ಸೌಕರ್ಯವಿಲ್ಲದ ಮಾದರಿಗಳಲ್ಲಿ ಉದ್ದನೆಯ ಬೋಲ್ಟುಗಳನ್ನು ಕೊನೆಗೆ ಉಳಿಸಿಕೊಂಡು ಒಂದೊಂದನ್ನೂ ಸ್ವಲ್ಪ ಸ್ವಲ್ಪವೇ ಬಿಡಬೇಕು. ಕೆಲಸದ ಪರವಾನಗಿ ಪತ್ರ, ಅಂದರೆ ಕಾರ್ಖಾನೆಯಲ್ಲಿ ಪರ್ಮಿಟ್ ಎನ್ನುವ ಚೀಟಿಯ ಮಹತ್ವವೂ ಇಲ್ಲಿಯೇ ಇದೆ. ಉತ್ತರ ಸಮುದ್ರದ ಪೈಪರ್ ಆಲ್ಫಾ ತೈಲವೇದಿಕೆಯಲ್ಲಿ 1988ರ ಜುಲೈ 6ರಂದು ಪಂಪೊಂದರ ಸುರಕ್ಷಾ ವಾಲ್ವನ್ನು ನಿರ್ವಹಣೆಗೆಂದು ತೆಗೆದು, ತೆರೆದ ಬಾಯಿಗೆ ಮುಚ್ಚುಫಲಕವನ್ನು ಹಾಕಲಾಗಿತ್ತು. ಅದು ಸೋರದಷ್ಟು ಬಿಗಿಯಾಗಿರಲಿಲ್ಲ, ವಾಲ್ವ್ ಇಲ್ಲವೆಂಬ ಸಂಗತಿ ರಾತ್ರಿ ಪಾಳಿಯವರಿಗೆ ಗೊತ್ತಿರಲಿಲ್ಲ. ಇನ್ನೊಂದು ಪಂಪು ನಿಂತಾಗ ಅವರು ಇದನ್ನು ಚಾಲೂ ಮಾಡಿದರು, ಸೋರಿದ ಅನಿಲಕ್ಕೆ ಬೆಂಕಿ ಹತ್ತಿತು, 167 ಮಂದಿ ಸತ್ತರು ಎಂಬುದು ಲಾರ್ಡ್ ಕಲೆನ್ ನೇತೃತ್ವದ ವಿಚಾರಣೆಯ ತೀರ್ಮಾನ. 1990ರಲ್ಲಿ ಹೊರಬಂದ ಆ ವರದಿಯ 106 ಶಿಫಾರಸುಗಳು ಜಗತ್ತಿನಾದ್ಯಂತ ಇಂಥ ಸ್ಥಾವರಗಳ ಕೆಲಸದ ರೀತಿಯನ್ನೇ ಬದಲಿಸಿದವು. ಅರ್ಧಕ್ಕೆ ನಿಂತ ಜೋಡಣೆಯು ಬಿಚ್ಚದೆ ಬಿಟ್ಟ ಹಳೆಯ ವಾಲ್ವಿಗಿಂತ ಅಪಾಯಕಾರಿ ಎಂಬುದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ಬೇಕಿಲ್ಲ.

ಮರುಜೋಡಣೆಯೆಂದರೆ ಬಿಚ್ಚಿದ ಕ್ರಮವನ್ನು ತಿರುವುಮುರುವಾಗಿ ಅನುಸರಿಸುವುದು ಎಂಬ ಸಾಮಾನ್ಯ ತಿಳಿವಳಿಕೆ ಸರಿಯಲ್ಲ. ಬಿಚ್ಚುವಾಗ ಭಾಗಗಳನ್ನು ಬೇರ್ಪಡಿಸಿದರಾಯಿತು. ಜೋಡಿಸುವಾಗ ಪ್ರತಿಯೊಂದು ಭಾಗವೂ ಮುಂದಿನ ಭಾಗದೊಡನೆ ಕೂದಲೆಳೆಯಷ್ಟು ನಿಖರವಾಗಿ ಕೂಡಬೇಕು, ಹಾಗೆ ಕೂಡಿದೆಯೆಂಬುದನ್ನು ಮುಚ್ಚಳ ಹಾಕುವ ಮೊದಲೇ ಪರೀಕ್ಷಿಸಬೇಕು. ಮೊದಲನೆಯ ಪರೀಕ್ಷೆ ಪ್ಲಗ್ ಮತ್ತು ಸೀಟಿನದು. ಇವೆರಡರ ನಡುವೆ ಅರೆಯುವ ಪೇಸ್ಟನ್ನು ಸವರಿ, ಪ್ಲಗ್ಗನ್ನು ಹಗುರವಾಗಿ ಆಚೆಗೂ ಈಚೆಗೂ ತಿರುಗಿಸುತ್ತ, ಆಗಾಗ ಎತ್ತಿ ಸ್ಥಾನ ಬದಲಿಸಿ ಇಡುತ್ತ ಎರಡೂ ಮೈಗಳನ್ನು ಹೊಂದಿಸುವುದಕ್ಕೆ ಲ್ಯಾಪಿಂಗ್ ಎನ್ನುತ್ತಾರೆ. ಕೈಯಲ್ಲಿ ಹಿಡಿದ ಪ್ಲಗ್ ಓರೆಯಾಗುವುದರಿಂದ ಬಾನೆಟ್ಟನ್ನು ಅದರ ಸ್ಥಾನದಲ್ಲಿಟ್ಟು, ಸ್ಟೆಮ್ ಅದರೊಳಗೆ ನೇರವಾಗಿ ನಿಂತಿರುವಾಗಲೇ ಅರೆಯುವುದು ಉತ್ತಮ. ಅನಂತರ ಪ್ಲಗ್ಗಿಗೆ ನೀಲಿ ಬಣ್ಣವನ್ನು ತೆಳುವಾಗಿ ಸವರಿ ಸೀಟಿನ ಮೇಲೆ ಒಮ್ಮೆ ಕೂರಿಸಿ ತೆಗೆದರೆ, ಎಲ್ಲಿಯೂ ಕಡಿಯದ ಸಣ್ಣ ನೀಲಿ ಗೆರೆಯೊಂದು ಉಂಗುರವಾಗಿ ಮೂಡಬೇಕು. ಗೆರೆ ಎಲ್ಲಾದರೂ ಕಡಿದಿದ್ದರೆ ಸೋರಿಕೆ ಅಲ್ಲಿಯೇ. ಹೆಚ್ಚು ಅರೆದಷ್ಟೂ ಒಳ್ಳೆಯದು ಎಂಬ ನಂಬಿಕೆಯೂ ತಪ್ಪು. ಅತಿಯಾಗಿ ಅರೆದರೆ ಗೆರೆ ಅಗಲವಾಗಿ, ಅದೇ ಬಲ ಹೆಚ್ಚು ಜಾಗಕ್ಕೆ ಹಂಚಿಹೋಗಿ ವಾಲ್ವ್ ಬಿಗಿಯಾಗಿ ಮುಚ್ಚುವುದಿಲ್ಲ. ಟೆಫ್ಲಾನಿನಂಥ ಮೃದು ವಸ್ತುವಿನ ಸೀಟುಗಳನ್ನು ಅರೆಯುವಂತೆಯೇ ಇಲ್ಲ, ಅವನ್ನು ಬದಲಿಸಬೇಕು. ಕೆಲಸ ಮುಗಿದ ಮೇಲೆ ಪೇಸ್ಟಿನ ಕಣವೊಂದೂ ಉಳಿಯದಂತೆ ತೊಳೆಯಬೇಕು.

ಮುಂದಿನದು ಗ್ಯಾಸ್ಕೆಟ್, ಅಂದರೆ ಎರಡು ಲೋಹದ ಮೈಗಳ ನಡುವೆ ಕುಳಿತು ಸೋರಿಕೆ ತಡೆಯುವ ಉಂಗುರ. ತೆಳು ಉಕ್ಕಿನ ಪಟ್ಟಿಯನ್ನೂ ಗ್ರ್ಯಾಫೈಟನ್ನೂ ಸುರುಳಿಯಾಗಿ ಸುತ್ತಿ ಮಾಡಿದ ಈ ಉಂಗುರ ಒಮ್ಮೆ ಅದುಮಿಕೊಂಡ ಮೇಲೆ ತನ್ನ ಪುಟಿತವನ್ನು ಕಳೆದುಕೊಳ್ಳುವುದರಿಂದ, ಕಣ್ಣಿಗೆ ಹೊಸದರಂತೆ ಕಂಡರೂ ಅದನ್ನು ಮತ್ತೆ ಬಳಸಕೂಡದು. ಕೇಜ್ ಇರುವ ವಾಲ್ವುಗಳಲ್ಲಿ ಈ ಗ್ಯಾಸ್ಕೆಟ್ಟಿನ ವಿಷಯ ಇನ್ನೂ ಸೂಕ್ಷ್ಮವಾದುದು. ಅಲ್ಲಿ ಸೀಟ್ ರಿಂಗ್ ಮರೆಯಿಂದ, ಅಂದರೆ ತಿರುಪಿನ ಸುತ್ತುಗಳಿಂದ, ಬಿಗಿದುಕೊಳ್ಳದೆ ಕವಚದ ತಳದಲ್ಲಿ ಒಂದು ಗ್ಯಾಸ್ಕೆಟ್ಟಿನ ಮೇಲೆ ಸುಮ್ಮನೆ ಕುಳಿತಿರುತ್ತದೆ, ಅದರ ಮೇಲೆ ಕೇಜ್, ಕೇಜಿನ ಮೇಲೆ ಬಾನೆಟ್; ಬಾನೆಟ್ಟಿನ ಬೋಲ್ಟುಗಳ ಬಿಗಿತವೇ ಕೇಜಿನ ಮೂಲಕ ಇಳಿದು ತಳದ ಗ್ಯಾಸ್ಕೆಟ್ಟನ್ನು ಅದುಮಬೇಕು. ಬೋಲ್ಟುಗಳು ಒಂದು ಬದಿಗೆ ಹೆಚ್ಚು ಬಿಗಿಯಾದರೆ ಹೊರಗೆ ಒಂದು ಹನಿಯೂ ಸೋರದೆ, ಒಳಗೆ ಮಾತ್ರ ಸೀಟ್ ರಿಂಗಿನ ಅಡಿಯಿಂದ ಹಬೆ ನುಸುಳುತ್ತಿರುತ್ತದೆ. ಪ್ಲಗ್ ಪೂರ್ತಿ ಮುಚ್ಚಿದ್ದರೂ ವಾಲ್ವ್ ‘ಪಾಸ್’ ಆಗುತ್ತಿದೆ ಎಂಬ ದೂರು ಬಂದಾಗ ಸೀಟನ್ನೇ ಮತ್ತೆ ಮತ್ತೆ ಅರೆದರೂ ಸೋರಿಕೆ ನಿಲ್ಲದಿದ್ದರೆ, ನೋಡಬೇಕಾದ ಜಾಗ ಈ ತಳದ ಗ್ಯಾಸ್ಕೆಟ್.

ಆದ್ದರಿಂದ ಬೋಲ್ಟುಗಳನ್ನು ಸುತ್ತಿನ ಕ್ರಮದಲ್ಲಿ ಬಿಗಿಯದೆ ಎದುರು ಬದುರಾಗಿ, ಮೊದಲು ಮೂರನೇ ಒಂದು ಭಾಗ, ಆಮೇಲೆ ಮೂರನೇ ಎರಡು ಭಾಗ, ಕೊನೆಗೆ ಪೂರ್ಣ ಬಿಗಿತ ಎಂಬಂತೆ ಹಂತಹಂತವಾಗಿ ಟಾರ್ಕ್ ರೆಂಚಿನಿಂದ ಬಿಗಿಯುತ್ತಾರೆ. ರೆಂಚಿಗೆ ಹಾಕಿದ ಬಲದಲ್ಲಿ ಬಹುಪಾಲು ನಟ್ಟಿನ ಅಡಿಯ ಮತ್ತು ಮರೆಯ ಘರ್ಷಣೆಯಲ್ಲೇ ಕಳೆದುಹೋಗಿ ಸುಮಾರು ಹತ್ತನೇ ಒಂದು ಭಾಗ ಮಾತ್ರ ಬೋಲ್ಟನ್ನು ಎಳೆದು ಹಿಡಿಯಲು ಉಳಿಯುತ್ತದೆ. ಮರೆ ಒಣಗಿದ್ದರೆ ಅಥವಾ ತುಕ್ಕು ಹಿಡಿದಿದ್ದರೆ ರೆಂಚಿನ ಮುಳ್ಳು ಸರಿಯಾದ ಅಂಕಿಯನ್ನೇ ತೋರಿಸಿದರೂ ಗ್ಯಾಸ್ಕೆಟ್ ಅದುಮಿರುವುದಿಲ್ಲ. ಮರೆಗೆ ಲೇಪ ಹಚ್ಚುವ ಕೆಲಸ ಅಲ್ಪವೆಂದು ತೋರಿದರೂ ಇಡೀ ಜೋಡಣೆಯ ಬಿಗಿತ ಅದನ್ನೇ ಅವಲಂಬಿಸಿದೆ.

ಕೇಜನ್ನು ತಲೆಕೆಳಗಾಗಿ ಇಡುವುದು, ಕವಚದ ಮೇಲಿನ ಬಾಣದ ಗುರುತನ್ನು ನೋಡದೆ ವಾಲ್ವನ್ನು ಹಿಂದುಮುಂದಾಗಿ ಕೂರಿಸುವುದು, ಪ್ಲಗ್ಗಿನ ಸೀಲ್ ಉಂಗುರದ ತೆರೆದ ಬಾಯನ್ನು ಹೆಚ್ಚು ಒತ್ತಡದ ಕಡೆಗೆ ಇಡದಿರುವುದು ಇವೂ ಸಾಮಾನ್ಯ ತಪ್ಪುಗಳೇ. ಬಿಚ್ಚುವಾಗಲೇ ಗುರುತು ಹಾಕಿಕೊಂಡರೆ ಇವನ್ನೆಲ್ಲ ತಪ್ಪಿಸಬಹುದು.

ಪ್ಯಾಕಿಂಗಿನ ಕೆಲಸಕ್ಕೆ ತಾಳ್ಮೆ ಬೇಕು. ಹಳೆಯ ಉಂಗುರಗಳನ್ನು ಕೊಕ್ಕೆಯಿಂದ ತೆಗೆಯುವಾಗ ಸ್ಟೆಮ್ಮಿನ ಮೇಲೆ ಒಂದು ಗೀರು ಬಿದ್ದರೂ ಆ ಗೀರು ಪ್ರತಿ ಚಲನೆಯಲ್ಲೂ ಹೊಸ ಪ್ಯಾಕಿಂಗನ್ನು ಕತ್ತರಿಸುತ್ತ ಹೋಗುತ್ತದೆ. ಸುಮಾರು 230 ಡಿಗ್ರಿಯವರೆಗಿನ ಉಷ್ಣತೆಗೆ ಟೆಫ್ಲಾನ್ ಉಂಗುರಗಳು ಸಾಕು, ಅವುಗಳ ಘರ್ಷಣೆಯೂ ಕಡಿಮೆ. ಅದಕ್ಕೂ ಬಿಸಿಯಾದ ಹಬೆಗೆ ಗ್ರ್ಯಾಫೈಟ್ ಬೇಕು. ಸೀಳಿರುವ ಉಂಗುರಗಳಾದರೆ ಒಂದರ ಸೀಳು ಇನ್ನೊಂದರ ಮೇಲೆ ಬಾರದಂತೆ ತಿರುಗಿಸಿ, ಒಂದೊಂದನ್ನೇ ಕೆಳಕ್ಕೆ ಅದುಮಿ ಕೂರಿಸಬೇಕು. ಗ್ಲ್ಯಾಂಡನ್ನು ಸೋರಿಕೆ ನಿಲ್ಲುವಷ್ಟೇ ಬಿಗಿಯಬೇಕು. ಭದ್ರವಾಗಿರಲಿ ಎಂದು ಇನ್ನೂ ಒಂದು ಸುತ್ತು ಬಿಗಿದರೆ ಪ್ಯಾಕಿಂಗ್ ಸ್ಟೆಮ್ಮನ್ನು ಕಚ್ಚಿ ಹಿಡಿಯುತ್ತದೆ: ಸಂಕೇತ ಬದಲಾದರೂ ಸ್ಟೆಮ್ ಕದಲುವುದಿಲ್ಲ, ಗಾಳಿಯ ಒತ್ತಡ ಏರುತ್ತಲೇ ಹೋಗಿ ಸ್ಟೆಮ್ ಒಮ್ಮೆಲೇ ನೆಗೆದು ಬೇಕಾದ ಸ್ಥಾನವನ್ನು ದಾಟಿಹೋಗುತ್ತದೆ, ನಿಯಂತ್ರಕ ಅದನ್ನು ಹಿಂದಕ್ಕೆ ಕರೆಯುತ್ತದೆ, ಮತ್ತೆ ಅದೇ ಕತೆ. ಡ್ರಮ್ಮಿನ ನೀರಿನ ಮಟ್ಟ ಹೀಗೆ ಏರಿಳಿಯುತ್ತಲೇ ಇರುವುದನ್ನು ಕಂಟ್ರೋಲ್ ರೂಮಿನಲ್ಲಿ ಹಂಟಿಂಗ್ ಎನ್ನುತ್ತಾರೆ; ಅದರ ಪರಿಹಾರವನ್ನು ಕಂಪ್ಯೂಟರಿನಲ್ಲಿ ಹುಡುಕುವವರು ಮೊದಲು ಗ್ಲ್ಯಾಂಡಿನ ಎರಡು ನಟ್ಟುಗಳನ್ನು ಪರೀಕ್ಷಿಸುವುದು ಲೇಸು.

ಬಳಿಕ ಸ್ಟೆಮ್ಮನ್ನು ಆ್ಯಕ್ಚುಯೇಟರಿನ ದಂಡಕ್ಕೆ ಕೂಡಿಸಬೇಕು. ಗಾಳಿ ಬಂದಾಗ ತೆರೆದು ಸ್ಪ್ರಿಂಗಿನಿಂದ ಮುಚ್ಚುವ ವಾಲ್ವಿನಲ್ಲಿ, ಆ್ಯಕ್ಚುಯೇಟರ್ ತನ್ನ ಕೆಳಗಿನ ತಡೆಗೆ ತಾಗಿ ನಿಂತಿರುವಾಗಲೇ ಎರಡನ್ನೂ ಕೂಡಿಸಿದರೆ ಪ್ಲಗ್ ಸೀಟನ್ನು ಮುಟ್ಟುತ್ತದೆಯೇ ಹೊರತು ಸ್ಪ್ರಿಂಗಿನ ಬಲ ಅದರ ಮೇಲೆ ಬೀಳುವುದಿಲ್ಲ, ಆ ಬಲವನ್ನೆಲ್ಲ ತಡೆಯೇ ಹೊರುತ್ತದೆ. ಆದುದರಿಂದ ಸ್ವಲ್ಪ ಗಾಳಿ ಕೊಟ್ಟು ಆ್ಯಕ್ಚುಯೇಟರಿನ ದಂಡವನ್ನು ಕೆಲವು ಮಿಲಿಮೀಟರ್ ಮೇಲೆತ್ತಿ, ಪ್ಲಗ್ ಸೀಟಿನ ಮೇಲೆ ಕುಳಿತಿರುವಾಗ ಕಪ್ಲಿಂಗನ್ನು ಬಿಗಿದು, ಆಮೇಲೆ ಗಾಳಿಯನ್ನು ಬಿಡಬೇಕು. ಆಗ ಸ್ಪ್ರಿಂಗಿನ ಬಲ ಪ್ಲಗ್ಗಿಗೆ ಇಳಿಯುತ್ತದೆ. ಉದ್ದವನ್ನು ಹೊಂದಿಸಲು ಸ್ಟೆಮ್ಮನ್ನು ತಿರುಗಿಸಬೇಕಾದರೆ ಮೊದಲು ಪ್ಲಗ್ಗನ್ನು ಸೀಟಿನಿಂದ ಎತ್ತಿಕೊಳ್ಳಲೇಬೇಕು. ಕುಳಿತಲ್ಲೇ ತಿರುಗಿಸಿದರೆ, ಅಷ್ಟು ಶ್ರಮಪಟ್ಟು ಅರೆದ ಎರಡು ಮೈಗಳೂ ಒಂದನ್ನೊಂದು ಕಚ್ಚಿ ಕಿತ್ತುಬರುತ್ತವೆ.

ಜೋಡಿಸಿದ ವಾಲ್ವಿಗೆ 4, 8, 12, 16, 20 ಮಿಲಿಆಂಪಿಯರ್ ಸಂಕೇತಗಳನ್ನು ಏರಿಕೆಯಲ್ಲೂ ಇಳಿಕೆಯಲ್ಲೂ ಕೊಟ್ಟು ಅದು ಕ್ರಮವಾಗಿ 0, 25, 50, 75, 100 ಶೇಕಡ ತೆರೆದುಕೊಳ್ಳುತ್ತದೆಯೇ ಎಂದು ನೋಡುತ್ತಾರೆ. ಇದನ್ನು ಪರದೆಯ ಮೇಲಿನ ಅಂಕಿಯಿಂದ ತೀರ್ಮಾನಿಸದೆ, ಸ್ಟೆಮ್ಮಿನ ಪಕ್ಕದ ಅಳತೆಪಟ್ಟಿಯನ್ನು ಕಣ್ಣಾರೆ ಕಂಡು ತೀರ್ಮಾನಿಸಬೇಕು. ಅಮೆರಿಕದ ಪೆನ್ಸಿಲ್ವೇನಿಯಾದ ತ್ರೀ ಮೈಲ್ ಐಲೆಂಡ್ ಪರಮಾಣು ಕೇಂದ್ರದಲ್ಲಿ 1979ರ ಮಾರ್ಚ್ 28ರಂದು ಒತ್ತಡ ಬಿಡುವ ವಾಲ್ವೊಂದು ತೆರೆದೇ ಸಿಕ್ಕಿಕೊಂಡಿತ್ತು, ಆದರೆ ಫಲಕದ ಮೇಲಿನ ದೀಪವು ವಾಲ್ವಿಗೆ ಮುಚ್ಚುವ ಸಂಕೇತ ಹೋಗಿದೆ ಎಂಬುದನ್ನು ಸೂಚಿಸುತ್ತಿತ್ತೇ ಹೊರತು ಅದು ನಿಜವಾಗಿ ಮುಚ್ಚಿದೆಯೇ ಎಂಬುದನ್ನಲ್ಲ. ಎರಡು ಗಂಟೆಗೂ ಮೀರಿ ತಂಪುನೀರು ಹೊರಹೋಗುತ್ತಲೇ ಇತ್ತು. ರಿಯಾಕ್ಟರಿನ ಇಂಧನದ ಒಂದು ದೊಡ್ಡ ಭಾಗ ಕರಗಿತು. ಅದು ನಿಯಂತ್ರಣದ ವಾಲ್ವಾಗಿರಲಿಲ್ಲವಾದರೂ, ಸಂಕೇತ ಬೇರೆ, ಸ್ಥಾನ ಬೇರೆ ಎಂಬ ಸತ್ಯ ಎಲ್ಲ ವಾಲ್ವುಗಳಿಗೂ ಒಂದೇ.

ಮುಚ್ಚಿದ ವಾಲ್ವ್ ಎಷ್ಟು ಸೋರಬಹುದೆಂಬುದಕ್ಕೂ ಅಂತರರಾಷ್ಟ್ರೀಯ ದರ್ಜೆಗಳಿವೆ. ಲೋಹದ ಸೀಟುಗಳಿಗೆ ಸಾಮಾನ್ಯವಾದ 4ನೇ ದರ್ಜೆಯಲ್ಲಿ ಪೂರ್ಣ ಸಾಮರ್ಥ್ಯದ ಶೇಕಡ 0.01ರಷ್ಟು ಸೋರಿಕೆಗೆ ಅವಕಾಶವುಂಟು; 6ನೇ ದರ್ಜೆಯ ಮೃದು ಸೀಟುಗಳಲ್ಲಿ ನಿಮಿಷಕ್ಕೆ ಹೊರಡುವ ಗಾಳಿಗುಳ್ಳೆಗಳನ್ನೇ ಎಣಿಸುತ್ತಾರೆ. ಸೊನ್ನೆ ಸೋರಿಕೆಯನ್ನು ಕಂಟ್ರೋಲ್ ವಾಲ್ವಿನಿಂದ ನಿರೀಕ್ಷಿಸುವುದು ನ್ಯಾಯವಲ್ಲ, ಅದಕ್ಕಾಗಿ ಪಕ್ಕದಲ್ಲಿ ಬೇರೆ ವಾಲ್ವ್ ಇರುತ್ತದೆ.

ಎಷ್ಟು ಕಾಲಕ್ಕೊಮ್ಮೆ ಬಿಚ್ಚಬೇಕೆಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ಬೆಳಗಾವಿ, ಬಾಗಲಕೋಟೆ, ಮಂಡ್ಯ ಜಿಲ್ಲೆಗಳ ಸಕ್ಕರೆ ಕಾರ್ಖಾನೆಗಳಿಗೆ ಕಬ್ಬು ಅರೆಯುವ ಹಂಗಾಮು ಮುಗಿದ ಮೇಲೆ ಓವರ್‌ಹಾಲಿಗೆ ಬಿಡುವು ತಾನಾಗಿಯೇ ಸಿಗುತ್ತದೆ. ರಾಯಚೂರಿನ ಶಕ್ತಿನಗರದಂಥ ವಿದ್ಯುತ್ ಕೇಂದ್ರಗಳೂ ಮಂಗಳೂರಿನ ತೈಲ ಶುದ್ಧೀಕರಣಾಗಾರದಂಥ ಸ್ಥಾವರಗಳೂ ಯೋಜಿತ ಶಟ್‌ಡೌನನ್ನು ಕಾಯಬೇಕು. ಇಂದಿನ ಡಿಜಿಟಲ್ ಪೊಸಿಷನರುಗಳು ಗಾಳಿಯ ಒತ್ತಡಕ್ಕೂ ಸ್ಟೆಮ್ಮಿನ ಚಲನೆಗೂ ಇರುವ ಸಂಬಂಧವನ್ನು ನಕ್ಷೆಯಾಗಿ ಬಿಡಿಸಿಕೊಡುವುದರಿಂದ, ಘರ್ಷಣೆ ಏರಿದೆಯೇ, ಸ್ಪ್ರಿಂಗ್ ಸೋತಿದೆಯೇ ಎಂಬುದನ್ನು ಬಿಚ್ಚದೆಯೇ ಬಹುಮಟ್ಟಿಗೆ ಊಹಿಸಬಹುದು, ಕೆಡದಿರುವ ವಾಲ್ವನ್ನು ಸುಮ್ಮನೆ ಕಳಚುವುದನ್ನು ತಪ್ಪಿಸಬಹುದು. ಇವೆಲ್ಲಕ್ಕಿಂತ ಅಗ್ಗವಾದ, ಹೆಚ್ಚಾಗಿ ಕಡೆಗಣಿತವಾಗುವ ಆರೈಕೆಯೆಂದರೆ ಗಾಳಿಯದು: ಪೊಸಿಷನರಿನ ರಂಧ್ರಗಳು ಬಹಳ ಸೂಕ್ಷ್ಮವಾದುದರಿಂದ ಗಾಳಿಯಲ್ಲಿ ತೇವ, ಎಣ್ಣೆ, ತುಕ್ಕಿನ ಪುಡಿ ಬಂದರೆ ಅವು ಕಟ್ಟಿಕೊಳ್ಳುತ್ತವೆ. ಫಿಲ್ಟರಿನ ತಳದ ನೀರನ್ನು ನಿಯಮಿತವಾಗಿ ಹೊರಬಿಡುವ ಕಾರ್ಖಾನೆಯಲ್ಲಿ ವಾಲ್ವಿನ ದೂರುಗಳು ಕಡಿಮೆ.

ದುರಸ್ತಿಯಾದ ವಾಲ್ವನ್ನು ಲೈನಿಗೆ ಕೂರಿಸಿದ ಮೇಲೆ ವಾಲ್ವನ್ನು ಸುತ್ತಿ ಹೋಗುವ ಬೈಪಾಸ್ ಕೊಳವೆಯ ಮೂಲಕ ದುರಸ್ತಿಯ ವೇಳೆ ಸಾಗುತ್ತಿದ್ದ ಹರಿವನ್ನು ಒಮ್ಮೆಲೇ ಇತ್ತ ತಿರುಗಿಸದೆ, ಹಬೆಯಾದರೆ ಕವಚ ಮೆಲ್ಲಗೆ ಕಾಯುವಂತೆ ಮೊದಲು ಸ್ವಲ್ಪವೇ ಬಿಟ್ಟು, ಸಂಗ್ರಹವಾದ ನೀರನ್ನು ಹೊರಬಿಡುತ್ತ, ಬೈಪಾಸನ್ನು ಹಂತಹಂತವಾಗಿ ಮುಚ್ಚುತ್ತಾರೆ. ಬಿಸಿಗೆ ಪ್ಯಾಕಿಂಗ್ ಇನ್ನಷ್ಟು ಕುಳಿತು ಸಡಿಲವಾಗುವುದರಿಂದ ಗ್ಲ್ಯಾಂಡನ್ನು ಕೆಲವು ಗಂಟೆಗಳ ಬಳಿಕ ಇನ್ನೊಮ್ಮೆ ನೋಡಬೇಕಾಗುತ್ತದೆ. ಬಿಚ್ಚುವ ಮೊದಲು ಕಂಡ ಸ್ಥಿತಿ, ಬದಲಿಸಿದ ಭಾಗಗಳು, ಬೋಲ್ಟುಗಳ ಬಿಗಿತ, ಐದು ಸಂಕೇತಗಳಿಗೆ ಸ್ಟೆಮ್ ನಿಂತ ಸ್ಥಾನ ಇವಿಷ್ಟನ್ನೂ ವಾಲ್ವಿನ ಹೆಸರಿನಲ್ಲಿ ದಾಖಲಿಸಿ, ಪರ್ಮಿಟ್ಟಿಗೆ ಸಹಿ ಹಾಕಿ ಹಿಂದಿರುಗಿಸಿದ ಮೇಲೆಯೇ ಅದನ್ನು ಕಂಟ್ರೋಲ್ ರೂಮಿಗೆ ಒಪ್ಪಿಸುತ್ತಾರೆ.